ಭಾವನ ಕಿಟಕಿ ಮುಚ್ಚಿದ ಕಥೆ

ಇಡೀ ಬೀದಿಗೆ ಭಾವನಾಗುವುದು ಸುಲಭದ ಕೆಲಸವಲ್ಲ. ಅದಕ್ಕೊಂದು ವಿಶೇಷ ಯೋಗ್ಯತೆ ಬೇಕು. ಯಾರು ಏನು ಹೇಳಿದರೂ ‘ಆಯ್ತು’ ಅನ್ನಬೇಕು. ನಮ್ಮ ಭಾವನಿಗೆ ಈ ಯೋಗ್ಯತೆ ಹುಟ್ಟಿನಿಂದಲೇ ಬಂದಿತ್ತು. ಎದುರು ಮನೆಯವರು ‘ಊರಿಗೆ ಹೋಗ್ತಿದ್ದೀವಿ, ನಮ್ಮ ನಾಯಿ ನೋಡ್ಕೊಳ್ತೀರಾ?’ ಅಂದರೆ ಆಯ್ತು. ಅದೇ ದಿನ ಹಿಂದಿನ ಮನೆಯವರು ‘ನಮ್ಮ ಬೆಕ್ಕು ನೋಡ್ಕೊಳ್ತೀರಾ?’ ಅಂದರೆ ಅದಕ್ಕೂ ಆಯ್ತು. ಆಮೇಲೆ ಭಾವನ ಮನೆಯೊಳಗೆ ನಡೆದದ್ದನ್ನು ನಾನು ವರ್ಣಿಸುವುದಿಲ್ಲ. ಕಿಟಕಿಯ ಪರದೆಗಳನ್ನು ನೋಡಿದರೆ ನಿಮಗೇ ಅರ್ಥವಾಗುತ್ತದೆ.

ನಾನು ಗಡಿಯಾರ ರಿಪೇರಿಯವನು. ನನ್ನ ಅಂಗಡಿಗೂ ಭಾವನ ಮನೆಯವರ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ನಾನು ಕದ್ದು ಕೇಳುವ ಜಾತಿಯವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಮಾತು ತಾನಾಗಿ ಹಲಗೆ ದಾಟಿ ಬಂದರೆ ಕಿವಿ ಮುಚ್ಚಿಕೊಳ್ಳಲು ನನ್ನ ಎರಡು ಕೈಗಳಿಗೂ ಬಿಡುವಿರುವುದಿಲ್ಲ. ಹಾಗಾಗಿ ಆ ಅಂಗಡಿಯಲ್ಲಿ ನಡೆದದ್ದೆಲ್ಲ ನನಗೆ ಗೊತ್ತು.

ಅಂಗಡಿ ನಡೆಸುವವರು ಅಕ್ಕ ತಂಗಿ. ಭಾವನ ಹೆಂಡತಿ ದೊಡ್ಡಕ್ಕ, ಆಕೆಯ ತಂಗಿ ಚಿಕ್ಕಕ್ಕ. ಇಬ್ಬರ ಕೈಯಲ್ಲೂ ಜಾದೂ ಇದೆ. ಹಳೇ ಪರದೆ ಬಟ್ಟೆ ಕೊಟ್ಟರೂ ಅದರಲ್ಲಿ ನಿಮ್ಮನ್ನು ನಾಲ್ಕು ಜನರ ನಡುವೆ ನಿಲ್ಲುವ ಹಾಗೆ ಮಾಡಿ ಕಳಿಸುತ್ತಾರೆ. ಆದರೆ ಕೆಲವು ತಿಂಗಳ ಹಿಂದೆ ಒಬ್ಬ ಗಿರಾಕಿಯ ಕೋಟಿನ ವಿಷಯದಲ್ಲಿ ಜಗಳವಾಯಿತು. ದೊಡ್ಡಕ್ಕ ‘ಮೂರು ಗುಂಡಿ’ ಅಂದರು. ಚಿಕ್ಕಕ್ಕ ‘ನಾಲ್ಕು’ ಅಂದರು. ಗಿರಾಕಿ ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿ, ಬಟ್ಟೆ ಮಡಚಿಕೊಂಡು ಸದ್ದಿಲ್ಲದೆ ಹೊರಟೇಹೋದ. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತು ನಿಂತಿತು. ಅಂಗಡಿಯ ನಡುವೆ ಒಂದು ಬೀರು ಬಂದು ನಿಂತಿತು. ಬೀರುವಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಸಂದಿಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಭಾವ.

‘ರೀ, ಅವಳಿಗೆ ಹೇಳಿ, ಬಿಳಿ ದಾರ ಮುಗೀತು ಅಂತ.’

‘ಚಿಕ್ಕಕ್ಕ, ಬಿಳಿ ದಾರ ಮುಗೀತಂತೆ.’

‘ಭಾವ, ಅಕ್ಕನಿಗೆ ಹೇಳಿ, ನನಗೂ ಕಿವಿ ಇದೆ, ಕೇಳಿಸ್ತು ಅಂತ.’

‘ಏನೇ, ಕೇಳಿಸ್ತಂತೆ.’

ಭಾವ ಹಿಂದೆ ಟೆಲಿಫೋನ್ ಇಲಾಖೆಯಲ್ಲಿದ್ದವನು. ನಿವೃತ್ತನಾದರೂ ಕೆಲಸ ಬಿಡಲಿಲ್ಲ ಎಂದು ಬೀದಿಯಲ್ಲಿ ನಗುತ್ತಿದ್ದರು.

ಕಟ್ಟಡದ ಮಾಲೀಕರು ಈ ಜಗಳದಿಂದ ಖುಷಿಯಾಗಿದ್ದರು. ಒಂದು ಅಂಗಡಿ ಎರಡಾದರೆ ಬಾಡಿಗೆಯೂ ಎರಡು. ಕೈಯಲ್ಲಿರುವ ದೊಡ್ಡ ಆರ್ಡರ್ ಮುಗಿದ ಕೂಡಲೇ ಬೀರುವಿನ ಜಾಗದಲ್ಲಿ ಗೋಡೆ ಕಟ್ಟಿಸುವುದೆಂದು ಅಕ್ಕತಂಗಿಯರೂ ಒಪ್ಪಿದ್ದರು. ಒಪ್ಪಿಗೆ ಕೂಡ ಭಾವನ ಮೂಲಕವೇ ಆದದ್ದು. ತನ್ನ ಹೆಂಡತಿಯ ಬದುಕನ್ನು ಇಬ್ಭಾಗ ಮಾಡುವ ಮಾತನ್ನೂ ಆ ಪುಣ್ಯಾತ್ಮ ಅಲ್ಲಿಂದಿಲ್ಲಿಗೆ ಹೊತ್ತು, ‘ಆಯ್ತು’ ಅಂದು, ಹಿಂದಕ್ಕೆ ಬಂದು ಇಸ್ತ್ರಿ ಮಾಡಿದ. ಆವತ್ತು ಒಂದು ಅಂಗಿಯ ಬೆನ್ನು ಸುಟ್ಟಿತು.

ಈಗ ಕಂಪ್ಯೂಟರಿನ ವಿಷಯಕ್ಕೆ ಬರೋಣ. ಭಾವನ ಮಗಳು ತನಗೆ ಹೊಸದು ಕೊಂಡು ಹಳೆಯದನ್ನು ಅಪ್ಪನಿಗೆ ಕೊಟ್ಟಿದ್ದಳು. ಭಾವ ವಿಡಿಯೋ ನೋಡಿ ನೋಡಿ ಪ್ರೋಗ್ರಾಂ ಬರೆಯುವುದನ್ನು ಕಲಿತ. ಕಲಿತ ಅಂದರೆ, ಕಲಿತೆ ಎಂದು ಅವನು ನಂಬಿದ. ಗಿರಾಕಿಗಳ ಅಳತೆ ಬರೆದಿಡಲು ಒಂದು ಪ್ರೋಗ್ರಾಂ ಬರೆದು ಅಂಗಡಿಯಲ್ಲಿ ಸ್ಥಾಪಿಸಿದ. ಕೆಳಗಡೆ ದೊಡ್ಡ ಅಕ್ಷರದಲ್ಲಿ ‘ತಂತ್ರಾಂಶ ರಚನೆ: ಭಾವ’ ಎಂದಿತ್ತು. ಮೇಲಿನ ಅಳತೆಗಳು ಅದಕ್ಕಿಂತ ಸಣ್ಣ ಅಕ್ಷರದಲ್ಲಿದ್ದವು.

ಶುರುವಿನಲ್ಲೇ ಅಪಶಕುನವಾಯಿತು. ಚಿಕ್ಕಕ್ಕನ ಮೊಣಕೈ ಮೌಸಿಗೆ ತಗುಲಿ, ಮೂಲೆಯಲ್ಲಿದ್ದ ಇಂಟು ಗುರುತು ಒತ್ತಿಹೋಗಿ, ಶಾಲೆಯ ಡ್ರಿಲ್ ಮಾಸ್ತರರ ಅಳತೆ ಕಣ್ಮುಚ್ಚಿ ತೆರೆಯುವಷ್ಟರಲ್ಲಿ ಮಾಯ. ಅವರ ಅಂಗಿಯನ್ನು ನೆನಪಿನ ಮೇಲೆ ಹೊಲಿದರು. ಮಾಸ್ತರರು ಅದನ್ನು ತೊಟ್ಟು ಒಂದು ಕೈ ಎತ್ತಿದರೆ ಇನ್ನೊಂದು ಕೈ ತಾನಾಗಿ ಏಳುತ್ತಿತ್ತು. ಮಕ್ಕಳು ಹೊಸ ಕವಾಯತು ಎಂದುಕೊಂಡು ಹಾಗೆಯೇ ಮಾಡಿದರು.

ಭಾವನಿಗೆ ಅವಮಾನವಾಯಿತು. ನಾಲ್ಕಾರು ದಿನ ವಿಡಿಯೋಗಳೊಳಗೆ ಮುಳುಗಿಹೋದ. ಒಂದು ಬೆಳಿಗ್ಗೆ ನಾನು ಕೈಗಡಿಯಾರವೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಾಗ ಓಡಿಬಂದ.

‘ಗಡಿಯಾರದಣ್ಣ, ಒಂದು ಅದ್ಭುತ ಗೊತ್ತಾಯ್ತು!’

‘ಉಸಿರು ಬಿಡಬೇಡಿ, ಸ್ಕ್ರೂ ಹಾರಿಹೋಗುತ್ತೆ. ಏನದು?’

‘ವಿಂಡೋ ಇದೆಯಲ್ಲ, ಪ್ರೋಗ್ರಾಂ ಕಾಣೋ ಕಿಟಕಿ, ಅದು ಮುಚ್ಚೋಕೆ ಮುಂಚೆ ನಮ್ಮನ್ನ ಕೇಳುತ್ತೆ ಕಣ್ರೀ! ಇಂಟು ಗುರುತು ಒತ್ತಿದ ತಕ್ಷಣ ಮುಚ್ಚಿಹೋಗಲ್ಲ. ಮೊದಲು ಪ್ರೋಗ್ರಾಮಿಗೆ ಒಂದು ಕರೆ ಬರುತ್ತೆ. “ಸ್ವಾಮಿ, ಯಾರೋ ನನ್ನ ಮುಚ್ಚು ಅಂತಿದ್ದಾರೆ, ಮುಚ್ಚಲಾ?” ಅಂತ. ನಾವು ಬೇಡ ಅಂತ ಬರೆದಿಟ್ಟಿದ್ರೆ ಮುಚ್ಚೋದೇ ಇಲ್ಲ! ಜಪ್ಪಯ್ಯ ಅಂದ್ರೂ ಮುಚ್ಚಲ್ಲ!’

ಅವನ ಕಣ್ಣಲ್ಲಿ ನೀರಾಡಿತು. ‘ಇಷ್ಟು ವರ್ಷ ಬದುಕಿದೆ ಅಣ್ಣ. ಯಾರಾದ್ರೂ ನನ್ನ ಹಾಗೆ ಕೇಳಿದ್ದಾರಾ?’

ನನಗೂ ಪಾಪ ಅನ್ನಿಸಿತು, ನಿಜ. ಜೀವಮಾನದಲ್ಲಿ ‘ಇಲ್ಲ’ ಎಂಬ ಪದ ಬಾಯಿಗೆ ಬಾರದ ಮನುಷ್ಯನಿಗೆ ಅದನ್ನು ಹೇಳಲು ಕೊನೆಗೂ ಒಂದು ಜಾಗ ಸಿಕ್ಕಿತ್ತು. ಅದು ಯಂತ್ರದ ಒಳಗಿತ್ತು, ಅಷ್ಟೇ.

ಸುದ್ದಿ ಪಕ್ಕದ ಅಂಗಡಿಗೂ ಮುಟ್ಟಿತು. ಮಧ್ಯಾಹ್ನ ಹಲಗೆಯ ಆಚೆಯಿಂದ ದೊಡ್ಡಕ್ಕನ ದನಿ ಬಂತು.

‘ರೀ, ಹಾಗಾದ್ರೆ ಸಂಜೆ ಅದನ್ನ ಮುಚ್ಚೋವಾಗ ನನ್ನ ಕೇಳ್ಬೇಕು. ಅವಳು ಮೊದಲು ಅಳತೆ ನೋಡಿ ಒಪ್ಪಲಿ. ಆಮೇಲೆ ನಾನು ಒಪ್ಪಿದ್ರೆ ಮುಚ್ಚಲಿ. ಕೊನೆ ಮಾತು ನಂದು.’

‘ಆಯ್ತು.’

ದೊಡ್ಡಕ್ಕ ಟೀ ತರಲು ಹೋದದ್ದೇ ತಡ, ಚಿಕ್ಕಕ್ಕನ ದನಿ.

‘ಭಾವ, ಅಕ್ಕ ಮೊದಲು ಒಪ್ಪಲಿ. ಆಮೇಲೆ ನಾನು. ಕೊನೆ ಮಾತು ನಂದಿರ್ಬೇಕು. ಅಕ್ಕನಿಗೆ ಹೇಳ್ಬೇಡಿ.’

‘ಆಯ್ತಮ್ಮ.’

‘ಇನ್ನೊಂದು. ಒಂದ್ಸಲ ಒಪ್ಪಿದೆ ಅಂತ ಅದನ್ನೇ ಹಿಡ್ಕೊಂಡು ಕೂರಬಾರ್ದು. ಆ ಕೋಟಿನ ದಿನ ಏನೋ ಒಂದು ಹ್ಞೂಂ ಅಂದಿದ್ದಕ್ಕೆ ಅಕ್ಕ ಇವತ್ತಿಗೂ ಎತ್ತಾಡ್ತಾಳೆ. ನನ್ನ ಬೆರಳು ಕೀ ಮೇಲೆ ಇರೋವರೆಗೆ ಮಾತ್ರ ನನ್ನ ಒಪ್ಪಿಗೆ. ಬೆರಳು ತೆಗೆದ್ರೆ ಒಪ್ಪಿಗೆನೂ ವಾಪಸ್.’

‘ಆಯ್ತಮ್ಮ. ಇಬ್ಬರಿಗೂ ಹಾಗೇ ಮಾಡ್ತೀನಿ, ಭೇದಭಾವ ಬೇಡ.’

ನಾನು ತಡೆಯಲಾರದೆ ಹಲಗೆ ತಟ್ಟಿದೆ. ‘ಭಾವ, ಇಬ್ಬರಿಗೂ ಕೊನೆ ಮಾತು ಹೇಗ್ರೀ ಕೊಡ್ತೀರಿ?’

‘ಕಂಪ್ಯೂಟರ್ ಕಣ್ರೀ ಇದು,’ ಎಂದ ಭಾವ ಆಚೆಯಿಂದ. ‘ಇದಕ್ಕೆ ಎಲ್ಲಾ ಸಾಧ್ಯ.’

ಆ ದೊಡ್ಡ ಆರ್ಡರ್ ಅಂದೆನಲ್ಲ, ಅದು ಹೊಸ ಆಸ್ಪತ್ರೆಯ ನರ್ಸುಗಳ ಸಮವಸ್ತ್ರ. ಭಾವ ಪ್ರೋಗ್ರಾಂ ತಿದ್ದಿ ಮುಗಿಸಿದ ಮರುದಿನವೇ ಬೆಳಿಗ್ಗೆ ವ್ಯಾನಿನಲ್ಲಿ ಅವರೆಲ್ಲ ಬಂದಿಳಿದರು. ಜೊತೆಗೆ ಅವರ ಮುಖ್ಯಸ್ಥೆ ಮೇಟ್ರನ್. ಆಕೆ ಮೆಟ್ಟಿಲು ಹತ್ತುವಾಗಲೇ ಬೀದಿಯವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡೆವು.

‘ಇವತ್ತೊಂದೇ ದಿನ,’ ಎಂದರು ಮೇಟ್ರನ್. ‘ನಾಳೆ ಇವರೆಲ್ಲ ತರಬೇತಿಗೆ ಒಬ್ಬೊಬ್ರು ಒಂದೊಂದು ದಿಕ್ಕಿಗೆ ಹೋಗ್ತಾರೆ. ಮತ್ತೆ ಸೇರೋದು ಆಸ್ಪತ್ರೆ ತೆರೆಯೋ ದಿನಾನೇ. ಆವತ್ತು ಎಲ್ಲರ ಮೈಮೇಲೆ ಸಮವಸ್ತ್ರ ಇರ್ಬೇಕು, ಸರಿಯಾಗಿ ಕೂತಿರ್ಬೇಕು. ಅಳತೆಗೆ ಎರಡನೇ ಸಲ ಕಳಿಸೋಕೆ ನನ್ನಿಂದಾಗಲ್ಲ. ತಿಳೀತಾ?’

‘ಆಯ್ತು,’ ಎಂದ ಭಾವ.

ಇಡೀ ದಿನ ಅಳತೆ ನಡೆಯಿತು. ಭುಜ, ತೋಳು ದೊಡ್ಡಕ್ಕನ ಪಾಲಿಗೆ; ಸೊಂಟ, ಉದ್ದ ಚಿಕ್ಕಕ್ಕನ ಪಾಲಿಗೆ. ನರ್ಸುಗಳು ಬೀರುವಿನ ಈ ಕಡೆ ಅರ್ಧ ಅಳೆಸಿಕೊಂಡು, ಸುತ್ತಿ ಬಂದು, ಆ ಕಡೆ ಉಳಿದರ್ಧ ಅಳೆಸಿಕೊಂಡರು. ಭಾವ ನಡುವೆ ಕೂತು ಟೈಪು ಮಾಡಿದ. ದೊಡ್ಡಕ್ಕ ಒಂದು ಹಾಳೆಯಲ್ಲೂ ಬರೆದಿಟ್ಟುಕೊಳ್ಳೋಣ ಅಂದಾಗ ಭಾವ ಗಹಗಹಿಸಿ ನಕ್ಕುಬಿಟ್ಟನಂತೆ. ‘ಕಾಗದ ಯಾಕೆ ಕಣೇ? ಇದು ಯಾವ ಕಾಲ?’ ಈ ನಗು ಅವನಿಗೆ ಸಂಜೆ ಬಹಳ ನೆನಪಾಯಿತು.

ನರ್ಸುಗಳು ಹೋದರು. ಭಾವ ಕೈ ಒರೆಸಿಕೊಂಡು, ರಿಬ್ಬನ್ ಕತ್ತರಿಸುವ ಗಣ್ಯರ ಗತ್ತಿನಲ್ಲಿ ಇಂಟು ಗುರುತು ಒತ್ತಿದನಂತೆ. ಪರದೆಯ ತುಂಬ ಒಂದು ಪೆಟ್ಟಿಗೆ ತೆರೆದುಕೊಂಡಿತು: ‘ಮುಚ್ಚಬೇಕೆ? ದೊಡ್ಡಕ್ಕನವರು ಎಡತುದಿಯ ಕೀ ಒತ್ತಿ ಒಪ್ಪಿಗೆ ಕೊಡಿ. ಚಿಕ್ಕಕ್ಕನವರು ಬಲತುದಿಯ ಕೀ ಒತ್ತಿ ಒಪ್ಪಿಗೆ ಕೊಡಿ.’

ದೊಡ್ಡಕ್ಕ ಬಂದರು, ಒತ್ತಿದರು. ‘ಚಿಕ್ಕಕ್ಕನವರ ಒಪ್ಪಿಗೆ ಇನ್ನೂ ಬಂದಿಲ್ಲ. ದಯವಿಟ್ಟು ಕಾಯಿರಿ’ ಎಂದಿತು ಯಂತ್ರ. ದೊಡ್ಡಕ್ಕ ತೃಪ್ತಿಯಿಂದ ತಮ್ಮ ಕಡೆಗೆ ಹೋಗಿ ಕೂತರು. ಚಿಕ್ಕಕ್ಕ ಬಂದರು, ಒತ್ತಿದರು. ‘ದೊಡ್ಡಕ್ಕನವರ ಒಪ್ಪಿಗೆ ಇನ್ನೂ ಬಂದಿಲ್ಲ. ದಯವಿಟ್ಟು ಕಾಯಿರಿ.’ ಚಿಕ್ಕಕ್ಕ ಒಳಗೊಳಗೇ ನಗುತ್ತ ಹೋಗಿ ಕೂತರು.

ಇಬ್ಬರೂ ಕಾದರು. ಮತ್ತೆ ಬಂದು ಒತ್ತಿದರು. ಮತ್ತೆ ಕಾದರು.

‘ರೀ, ಅವಳಿಗೆ ಹೇಳಿ, ಬೇಗ ಒಪ್ಪು ಅಂತ. ನನಗೆ ಮನೆಗೆ ಹೋಗ್ಬೇಕು.’

‘ಭಾವ, ಅಕ್ಕನಿಗೆ ಹೇಳಿ, ನಾನು ಒತ್ತಿ ಒತ್ತಿ ಬೆರಳು ನೋಯ್ತಿದೆ. ಅವಳೇ ಒಪ್ತಿಲ್ಲ ಅಂತ.’

‘ನಾನು ಒಪ್ತಿಲ್ವಂತಾ? ರೀ, ಅವಳು ಒಪ್ಪೋವರೆಗೆ ಕಾಯಿ ಅಂತ ಇದೇ ಹೇಳ್ತಿದೆ! ಕೊನೆ ಮಾತು ನಂದಲ್ವಾ?’

‘ಏನು? ಭಾವ, ಕೊನೆ ಮಾತು ನಂದು ಅಂದಿದ್ರಲ್ಲ!’

ಹಲಗೆಯ ಈಚೆ ನನ್ನ ಕೈಯ ಇಕ್ಕಳ ನಿಂತಿತು. ಬೀರುವಿನ ಎರಡೂ ಕಡೆಯಿಂದ ಎರಡು ತಲೆಗಳು ಹೊರಬಂದು ಭಾವನನ್ನೇ ನೋಡುತ್ತಿರಬೇಕು ಎಂದು ಊಹಿಸಿ, ಕರುಣೆಯಿಂದಲೂ ಕುತೂಹಲದಿಂದಲೂ ನಾನು ಅಲ್ಲಿಗೆ ಹೋದೆ. ಊಹೆ ಸರಿಯಾಗಿತ್ತು.

‘ಆಯ್ತು,’ ಎನ್ನುತ್ತಿದ್ದ ಭಾವ, ಯಾರಿಗೆ ಎಂದು ಗೊತ್ತಿಲ್ಲದೆ. ‘ಆಯ್ತು, ಆಯ್ತು.’

‘ಆ ಪೆಟ್ಟಿಗೆಯಿಂದ ಹಿಂದಕ್ಕೆ ಬನ್ರೀ,’ ಎಂದೆ ನಾನು. ‘ಮುಚ್ಚೋದು ಬೇಡ ಅಂತ ಒತ್ತಿ.’

‘ಬೇಡ ಅನ್ನೋದಕ್ಕೆ ಜಾಗ ಇಟ್ಟಿಲ್ಲ ಅಣ್ಣ. ಮುಚ್ಚು ಅಂತ ತಾವೇ ಹೇಳಿ, ಆಮೇಲೆ ಬೇಡ ಅಂತ ಯಾರಾದ್ರೂ ಅಂತಾರಾ ಅಂದ್ಕೊಂಡೆ.’

‘ಹಿಂದಿರೋ ಅಳತೆಗಳನ್ನಾದ್ರೂ ನೋಡಿ ಬರ್ಕೊಳ್ಳಿ.’

‘ಪೆಟ್ಟಿಗೆ ಅಡ್ಡ ನಿಂತಿದೆ. ಅದು ಸರಿಯೋವರೆಗೆ ಹಿಂದಿನದು ಕಾಣಲ್ಲ, ಮುಟ್ಟೋಕೂ ಆಗಲ್ಲ.’

ಕಂಪ್ಯೂಟರನ್ನೇ ನಿಲ್ಲಿಸಲು ಹೇಳಿ ನೋಡಿದೆವು. ‘ಒಂದು ಪ್ರೋಗ್ರಾಂ ಒಪ್ಪುತ್ತಿಲ್ಲ’ ಎಂದು ಅದು ಕೈ ಚೆಲ್ಲಿತು. ಭಾವ ಬರೆದ ಪ್ರೋಗ್ರಾಮಿಗೆ ಭಾವನಿಗಿಂತ ಗಟ್ಟಿ ಬೆನ್ನೆಲುಬಿತ್ತು.

ಅಷ್ಟರಲ್ಲಿ ಕಟ್ಟಡದ ಮಾಲೀಕರು ಗಾರೆಯವನನ್ನು ಕರೆದುಕೊಂಡು ಬಂದರು. ಗೋಡೆಗೆ ಅಳತೆ ತೆಗೆಯಬೇಕಿತ್ತಂತೆ. ವಿಷಯ ಕೇಳಿ ಅವರಿಗೆ ನಗು ಬಂತು. ‘ಇಷ್ಟೇನಾ? ನಮ್ಮ ಮನೆ ಟಿವಿ ಹೀಗೇ ಮಾಡುತ್ತೆ. ತಂತಿ ಕಿತ್ತು ಮತ್ತೆ ಹಾಕಿದ್ರೆ ಆಯ್ತು!’ ಎಂದವರೇ ಬಗ್ಗಿ, ಬ್ಯಾಟರಿ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಹೋಗುವ ಪ್ಲಗ್ಗಿಗೆ ಕೈಹಾಕಿದರು.

ಭಾವ ಹಾರಿದ. ನಾನು ಸುಳ್ಳು ಹೇಳುವುದಿಲ್ಲ, ಇಸ್ತ್ರಿ ಮೇಜನ್ನು ದಾಟಿ ಹಾರಿದ. ಪ್ಲಗ್ಗಿನ ಮೇಲೆ ಕವುಚಿ ಬಿದ್ದು ಅದನ್ನು ಎದೆಗೆ ಅವುಚಿಕೊಂಡ.

‘ತೆಗೀಬೇಡಿ! ಅಳತೆ ಎಲ್ಲಾ ಹೋಗುತ್ತೆ!’

‘ಹೋಗುತ್ತೆ ಅಂದ್ರೆ?’ ಎಂದರು ದೊಡ್ಡಕ್ಕ.

ಭಾವ ನೆಲದ ಮೇಲಿಂದಲೇ ಹೇಳಿದ. ‘ಮುಚ್ಚೋವಾಗ... ಮುಚ್ಚೋವಾಗ ಎಲ್ಲಾ ಒಟ್ಟಿಗೆ ಉಳಿಸೋಣ ಅಂತ ಬರೆದಿದ್ದೆ. ಸರಿಯಾಗಿ ಮುಚ್ಚಿದ್ರೆ ಮಾತ್ರ ಉಳಿಯೋದು.’

ದೊಡ್ಡಕ್ಕ ಸ್ಟೂಲಿನ ಮೇಲೆ ಕುಸಿದರು. ಚಿಕ್ಕಕ್ಕ ಬೀರುವಿಗೆ ಒರಗಿ ಕಣ್ಣು ಮುಚ್ಚಿದರು. ಈ ಆರ್ಡರ್ ಕೈತಪ್ಪಿದರೆ ಇವರ ಅಂಗಡಿಗೆ ಯಾರು ಬರುತ್ತಾರೆ? ಒಂದಾಗಿದ್ದರೂ ಅಷ್ಟೇ, ಎರಡಾದರೂ ಅಷ್ಟೇ. ಗಾರೆಯವನು ಮಾತ್ರ ಇದ್ಯಾವುದೂ ತನಗೆ ಸಂಬಂಧವಿಲ್ಲವೆಂಬಂತೆ ಬೀರುವಿನ ಅಗಲಕ್ಕೆ ಟೇಪು ಹಿಡಿಯುತ್ತಿದ್ದ.

ಆಗ ಕರೆಂಟು ಹೋಯಿತು.

ಕೆಟ್ಟ ಗಳಿಗೆಗೆ ಇದಕ್ಕಿಂತ ಒಳ್ಳೆಯ ಸಮಯಪ್ರಜ್ಞೆ ನಾನು ಯಾವ ಗಡಿಯಾರದಲ್ಲೂ ಕಂಡಿಲ್ಲ. ಕಂಪ್ಯೂಟರಿನ ಕೆಳಗಿದ್ದ ಬ್ಯಾಟರಿ ಪೆಟ್ಟಿಗೆ ‘ಕುಂಯ್’ ಎಂದಿತು. ಪರದೆ ಮಾತ್ರ ಇನ್ನೂ ಬೆಳಗುತ್ತಿತ್ತು.

‘ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ?’ ಎಂದೆ.

‘ಹೊಸದರಲ್ಲಿ ಅರ್ಧ ಗಂಟೆ. ಇದು ಹಳೇದು ಅಣ್ಣ. ಇದಕ್ಕೂ ನನ್ನಷ್ಟೇ ವಯಸ್ಸು.’

ನಾನು ಬೀದಿಗೆ ಓಡಿದೆ. ತಿರುವಿನಲ್ಲಿ ಲೈನ್‌ಮನ್ ಕಂಬದ ಮೇಲಿದ್ದ.

‘ಸ್ವಾಮೀ! ಒಂದೈದು ನಿಮಿಷ ಕರೆಂಟ್ ಕೊಡಿ! ಅಲ್ಲೊಂದು ಕಿಟಕಿ ಮುಚ್ಚಬೇಕು!’

‘ಕಿಟಕಿ ಮುಚ್ಚೋಕೆ ಕರೆಂಟ್ ಯಾಕ್ರೀ?’ ಎಂದ ಆತ ಮೇಲಿಂದ. ‘ಕೈಯಲ್ಲೇ ಮುಚ್ಚಿ!’

‘ಅದಕ್ಕೆ ಇಬ್ಬರ ಒಪ್ಪಿಗೆ ಬೇಕು!’

ಲೈನ್‌ಮನ್ ಕೆಳಗಿದ್ದ ತನ್ನ ಜೊತೆಗಾರನಿಗೆ, ‘ಇವರನ್ನ ಕಂಬದಿಂದ ದೂರ ಕರ್ಕೊಂಡು ಹೋಗು,’ ಎಂದ. ನಾನು ನನ್ನಷ್ಟಕ್ಕೇ ವಾಪಸು ಬಂದೆ. ನನ್ನ ಮರ್ಯಾದೆಗೆ ಆ ಸಂಜೆ ಬಿದ್ದ ಪೆಟ್ಟನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಅಂಗಡಿಯಲ್ಲಿ ಅಷ್ಟರಲ್ಲಿ ಮೇಟ್ರನ್ ಬಂದು ನಿಂತಿದ್ದರು. ಕನ್ನಡಕ ಮರೆತು ಹೋಗಿದ್ದರಂತೆ. ಕತ್ತಲಾಗುತ್ತಿದ್ದ ಅಂಗಡಿಯಲ್ಲಿ ಪ್ಲಗ್ಗು ಅಪ್ಪಿಕೊಂಡು ಮಲಗಿದ್ದ ಗಂಡಸನ್ನು ನೋಡಿ ಆಕೆ ಮೊದಲು ಅವನ ನಾಡಿ ಹಿಡಿದು ನೋಡಿದರು. ಆಮೇಲೆ ವಿಷಯ ಕೇಳಿದರು. ಕೇಳಿ, ನಾಡಿ ಬಿಟ್ಟುಬಿಟ್ಟರು.

‘ಅಳತೆ ಹೋದ್ರೆ ನಾನೇನೂ ಮಾಡೋಕಾಗಲ್ಲ,’ ಎಂದರು. ‘ಬೇಜಾರಾಗುತ್ತೆ. ಆದ್ರೆ ಬೇರೆ ಕಡೆಯಿಂದ ಸಿದ್ಧ ಉಡುಪು ತರಿಸ್ತೀನಿ.’

‘ಕುಂಯ್, ಕುಂಯ್,’ ಎಂದಿತು ಬ್ಯಾಟರಿ. ಈಗ ಎರಡೆರಡು ಸಲ.

ಭಾವ ಎದ್ದು ಕೂತ. ತಾನು ಬರೆದದ್ದನ್ನು ಮನಸ್ಸಿನಲ್ಲೇ ಓದುತ್ತ ತುಟಿ ಅಲ್ಲಾಡಿಸುತ್ತಿದ್ದ. ‘ಅವಳ ಬೆರಳಿದ್ರೆ ಇವಳದು ನಡೆಯುತ್ತೆ... ಇವಳದು ಇದ್ರೆ ಅವಳದು... ಬೆರಳು ತೆಗೆದ್ರೆ ವಾಪಸ್...’ ಇದ್ದಕ್ಕಿದ್ದಂತೆ ಅವನ ಮುಖ ಬೆಳಗಿತು. ನನ್ನನ್ನು ಮೂಲೆಗೆ ಎಳೆದು ಪಿಸುಗುಟ್ಟಿದ.

‘ಅಣ್ಣ, ಗೊತ್ತಾಯ್ತು! ಎರಡು ಕೀನೂ ಒಟ್ಟಿಗೆ ಒತ್ತಿ ಹಿಡಿದ್ರೆ ಮುಚ್ಚುತ್ತೆ! ಒಬ್ಬರು ಒತ್ತಿ ಬಿಟ್ಟು ಹೋಗಿ, ಆಮೇಲೆ ಇನ್ನೊಬ್ಬರು ಬಂದ್ರೆ ಆಗಲ್ಲ. ಎರಡೂ ಬೆರಳು ಒಂದೇ ಸಲ ಕೆಳಗಿರ್ಬೇಕು.’

‘ಮತ್ತೇನು ನೋಡ್ತಿದ್ದೀರಿ? ಒತ್ತಿ ಪುಣ್ಯಾತ್ಮರೇ! ನಿಮಗೆ ಎರಡು ಕೈ ಇದೆಯಲ್ಲ!’

ಭಾವ ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಆಮೇಲೆ ಬೀರುವಿನ ಆ ಕಡೆ ಈ ಕಡೆ ಕೂತ ಇಬ್ಬರನ್ನೂ ನೋಡಿದ. ಗಾರೆಯವನ ಟೇಪನ್ನೂ ನೋಡಿದ.

‘ಇದೆ ಅಣ್ಣ,’ ಎಂದ. ‘ಆದ್ರೆ ಒತ್ತಲ್ಲ.’

‘ನಿಮಗೇನು ತಲೆ ಕೆಟ್ಟಿದೆಯಾ? ಬ್ಯಾಟರಿ ಸಾಯ್ತಿದೆ!’

‘ಅದೊಂದೇ ಅಲ್ಲ ಸಾಯ್ತಿರೋದು,’ ಎಂದು ಅವನು ನನ್ನನ್ನು ಬಿಟ್ಟು ನಡುವೆ ಹೋಗಿ ನಿಂತ. ನನಗೆ ಅವನನ್ನು ಹಿಡಿದು ಅಲುಗಾಡಿಸಿಬಿಡಬೇಕು ಅನ್ನಿಸಿತು. ಕಾಲವೇ ನನ್ನ ಕಸುಬು, ನನಗೆ ಸಮಯ ಓಡುವುದು ಎಲ್ಲರಿಗಿಂತ ಮೊದಲು ಕೇಳಿಸುತ್ತದೆ.

‘ಕೇಳಿ ಇಬ್ಬರೂ,’ ಎಂದ ಭಾವ. ‘ಇದು ನಿಮ್ಮಿಬ್ಬರ ಬೆರಳಿಗೆ ಮಾತ್ರ ಬಗ್ಗೋದು. ಒಟ್ಟಿಗೆ ಒತ್ತಿ ಹಿಡೀಬೇಕು.’

ದೊಡ್ಡಕ್ಕ ಎದ್ದರು. ‘ರೀ, ಅವಳಿಗೆ ಹೇಳಿ, ಬಂದು ಒತ್ತು ಅಂತ.’

‘ಆಗಲ್ಲ,’ ಎಂದ ಭಾವ.

ಮಾಲೀಕರ ಬಾಯಿ ತೆರೆದುಕೊಂಡಿತು. ಗಾರೆಯವನ ಟೇಪು ಸುರ್ರನೆ ಸುರುಳಿ ಸುತ್ತಿಕೊಂಡಿತು. ನಮ್ಮ ಬೀದಿಯಲ್ಲಿ ಆ ಬಾಯಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ.

‘ಏನಂದ್ರಿ?’

‘ಆಗಲ್ಲ ಅಂದೆ. ನೀನೇ ಹೇಳು. ಅಲ್ಲೇ ಇದ್ದಾಳೆ, ಕೈಗೆ ಸಿಗೋಷ್ಟು ದೂರದಲ್ಲಿ. ನಾನೇನು ಟೆಲಿಫೋನ್ ತಂತಿನಾ? ಅವಳಿಗೆ ಹೇಳಿ, ಅಕ್ಕನಿಗೆ ಹೇಳಿ, ಅವಳಿಗೆ ಹೇಳಿ! ಸಾಕಾಗಿಹೋಗಿದೆ ನನಗೆ. ರಾತ್ರಿ ಕನಸಲ್ಲೂ ನಿಮ್ಮಿಬ್ಬರ ಮಾತು ಹೊತ್ತು ಓಡಾಡ್ತೀನಿ. ಗೋಡೆ ಕಟ್ಟಿಸ್ತೀರಂತೆ. ಕಟ್ಟಿಸಿ! ಆಗ ನಾನು ಎಲ್ಲಿ ನಿಂತ್ಕೊಳ್ಳಲಿ? ಗೋಡೆ ಒಳಗಾ?’

‘ಕುಂಯ್, ಕುಂಯ್, ಕುಂಯ್.’

‘ಮಾತು ಆಮೇಲೆ ಆಡಿ,’ ಎಂದರು ಮೇಟ್ರನ್, ಶಸ್ತ್ರಚಿಕಿತ್ಸೆಯ ಕೋಣೆಯ ದನಿಯಲ್ಲಿ. ‘ಈಗ ಬೆರಳು.’

ಆ ದನಿಗೆ ಎದುರಾಡುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಇದ್ದದ್ದು ಒಂದೇ ಸ್ಟೂಲು. ಅಕ್ಕತಂಗಿಯರು ಅದರ ಮೇಲೆ ಅರ್ಧರ್ಧ ಕೂತರು, ಮುಖ ಆಚೀಚೆ ತಿರುಗಿಸಿಕೊಂಡು. ಒಬ್ಬರು ಎಡತುದಿಗೆ, ಒಬ್ಬರು ಬಲತುದಿಗೆ ಬೆರಳು ಚಾಚಿದರು. ದೊಡ್ಡಕ್ಕ ಒತ್ತಿದರು. ಚಿಕ್ಕಕ್ಕ ಒತ್ತುವಷ್ಟರಲ್ಲಿ ದೊಡ್ಡಕ್ಕ ಬಿಟ್ಟರು. ‘ದಯವಿಟ್ಟು ಕಾಯಿರಿ’ ಎಂದಿತು ಯಂತ್ರ.

‘ಬಿಡಬಾರ್ದು!’ ಎಂದು ಚಿಕ್ಕಕ್ಕನ ಬಾಯಿಂದ ಹೊರಬಿತ್ತು. ‘ಹಿಡ್ಕೋ ಅಕ್ಕ!’

‘ನಾನು ಹಿಡ್ಕೊಂಡೇ ಇದ್ದೆ! ನೀನೇ ತಡ ಮಾಡಿದ್ದು!’

‘ನಾನಾ? ನೀನು ಯಾವಾಗ್ಲೂ ಹೀಗೇ. ನಿನ್ನ ಕೆಲಸ ಮುಗೀತು ಅಂದ್ರೆ ಹೊರಟೇಬಿಡೋದು!’

‘ನೀನು ಯಾವಾಗ್ಲೂ ಹೀಗೇ. ಪ್ರತಿಯೊಂದಕ್ಕೂ ತಕರಾರು! ಆ ಕೋಟಿಗೆ ಮೂರು ಗುಂಡಿನೇ ಸರಿ ಇತ್ತು!’

‘ಮೂರೇ ಇರ್ಲಿ, ಯಾರು ಬೇಡ ಅಂದ್ರು?’ ಚಿಕ್ಕಕ್ಕನ ದನಿ ಒಡೆಯಿತು. ‘ನನಗೆ ಸಿಟ್ಟು ಬಂದಿದ್ದು ಗುಂಡಿಗಲ್ಲ. ಗಿರಾಕಿ ಎದುರಿಗೆ ನನ್ನ ಕೈಯಿಂದ ಟೇಪು ಕಿತ್ಕೊಂಡೆಯಲ್ಲ, ಅದಕ್ಕೆ. ಚಿಕ್ಕ ಮಗು ಕೈಯಿಂದ ಕಿತ್ಕೊಂಡ ಹಾಗೆ.’

ದೊಡ್ಡಕ್ಕ ಮೊದಲ ಸಲ ತಿರುಗಿ ತಂಗಿಯ ಮುಖ ನೋಡಿದರು. ಬ್ಯಾಟರಿ ಈಗ ಬಿಡುವಿಲ್ಲದೆ ಕುಂಯ್‌ಗುಡುತ್ತಿತ್ತು. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಬ್ಯಾಟರಿಯನ್ನು ನೋಡಲೂ ಧೈರ್ಯವಿರಲಿಲ್ಲ, ಅವರನ್ನು ನೋಡಲೂ ಧೈರ್ಯವಿರಲಿಲ್ಲ.

‘ಕಿತ್ಕೊಂಡೆ,’ ಎಂದರು ದೊಡ್ಡಕ್ಕ. ‘ಹೌದು ಕಣೇ. ತಪ್ಪಾಯ್ತು. ಆವತ್ತೇ ಹೇಳ್ಬೇಕಿತ್ತು, ಬಾಯಿ ಬರಲಿಲ್ಲ. ಈಗ ಅಳಬೇಡ, ಕೀ ಕಾಣಲ್ಲ. ಒತ್ತು. ನಾನು ಬಿಡಲ್ಲ.’

‘ಬಿಡಲ್ಲ ತಾನೇ?’

‘ಬಿಡಲ್ಲ ಅಂದ್ನಲ್ಲ.’

ಇಬ್ಬರೂ ಒತ್ತಿದರು. ಇಬ್ಬರೂ ಹಿಡಿದರು. ಪೆಟ್ಟಿಗೆ ಕರಗಿಹೋಯಿತು. ‘ಎಲ್ಲ ಅಳತೆಗಳನ್ನು ಉಳಿಸಲಾಗಿದೆ’ ಎಂಬ ಸಾಲು ಪರದೆಯ ಮೇಲೆ ಬಂದು, ಕಿಟಕಿ ಯಾವ ಕೊಂಕೂ ಇಲ್ಲದೆ ಮುಚ್ಚಿಕೊಂಡಿತು. ಬ್ಯಾಟರಿ ಒಂದು ಕೊನೆಯ ಕುಂಯ್ ಎಂದು ಪ್ರಾಣ ಬಿಟ್ಟಿತು. ಅಂಗಡಿ ಕತ್ತಲಾಯಿತು. ಆ ಕತ್ತಲಲ್ಲಿ ಚಪ್ಪಾಳೆ ತಟ್ಟಿದವರು ಮೇಟ್ರನ್ ಎಂದು ಆಮೇಲೆ ಗೊತ್ತಾಯಿತು. ಭಾವ ಮೂಗು ಒರೆಸಿಕೊಳ್ಳುವ ಸದ್ದೂ ಕೇಳಿಸಿತು.

ಕರೆಂಟು ಬಂದಾಗ ಅಕ್ಕತಂಗಿಯರು ಇನ್ನೂ ಅದೇ ಸ್ಟೂಲಿನ ಮೇಲಿದ್ದರು, ಕೀ ಮೇಲಿನ ಬೆರಳನ್ನೂ ತೆಗೆದಿರಲಿಲ್ಲ. ಮಾಲೀಕರು ಗಂಟಲು ಸರಿಮಾಡಿಕೊಂಡು, ‘ಹಾಗಾದ್ರೆ ಗೋಡೆ ಯಾವತ್ತಿಂದ ಶುರು ಮಾಡೋಣ?’ ಎಂದರು.

‘ಯಾವ ಗೋಡೆ?’ ಎಂದರು ದೊಡ್ಡಕ್ಕ.

‘ಆ ಬೀರು ಬೇಕಾದ್ರೆ ಮೂಲೆಗೆ ಸರಿಸಿ ಕೊಡಿ,’ ಎಂದರು ಚಿಕ್ಕಕ್ಕ ಗಾರೆಯವನಿಗೆ. ‘ಬಂದದ್ದು ಬಂದಿದ್ದೀರಿ.’

ಗಾರೆಯವನೂ ಮಾಲೀಕರೂ ಸೇರಿ ಬೀರು ಸರಿಸಿದರು. ಮಾಲೀಕರ ಮುಖದಲ್ಲಿ ಎರಡನೇ ಬಾಡಿಗೆ ಮುಳುಗುವುದನ್ನು ನಾನು ಕಣ್ಣಾರೆ ಕಂಡೆ. ತುಂಬ ದಿನಗಳ ನಂತರ ಅಷ್ಟು ಸಂತೋಷವಾಯಿತು.

ಸಮವಸ್ತ್ರಗಳು ಹೊತ್ತಿಗೆ ಸರಿಯಾಗಿ ಹೋದವು, ಮೈಗೆ ಸರಿಯಾಗಿ ಕೂತವು. ಭಾವ ತನ್ನ ಪ್ರೋಗ್ರಾಮನ್ನು ತಿದ್ದಿದ. ಈಗ ಅಳತೆ ಟೈಪು ಮಾಡಿದ ಕೂಡಲೇ ಉಳಿಯುತ್ತದೆ. ತಂತಿ ಕಿತ್ತರೂ ಕರೆಂಟು ಹೋದರೂ ಚಿಂತೆಯಿಲ್ಲ. ಎರಡು ಕೀಗಳ ಒಪ್ಪಿಗೆಯನ್ನೂ ತೆಗೆದುಬಿಡಲೇ ಎಂದು ಕೇಳಿದ. ಇಬ್ಬರೂ ಒಂದೇ ಉಸಿರಿಗೆ ‘ಬೇಡ’ ಅಂದರು. ಹಾಗಾಗಿ ದಿನಾ ಸಂಜೆ ಇಬ್ಬರೂ ಒಂದೇ ಸ್ಟೂಲಿನಲ್ಲಿ ಕೂತು ಅದನ್ನು ಮುಚ್ಚುತ್ತಾರೆ. ಎರಡು ಬೆರಳು ಒತ್ತುವ ಕೆಲಸಕ್ಕೆ ಅಷ್ಟೊಂದು ಹರಟೆ ಯಾಕೆ ಬೇಕೋ ನನಗೆ ತಿಳಿಯದು. ನನ್ನ ಅಂಗಡಿಯ ಗಡಿಯಾರಗಳೆಲ್ಲ ಬಡಿದು ಮುಗಿದರೂ ಅವರ ಮಾತು ಮುಗಿದಿರುವುದಿಲ್ಲ.

ಮೊನ್ನೆ ಚಿಕ್ಕಕ್ಕನಿಗೆ ಜ್ವರ. ಅಂಗಡಿಗೆ ಬರಲಿಲ್ಲ. ಸಂಜೆ ಭಾವ ಔಷಧಿ ತರಲು ಹೋಗಿದ್ದ. ನಾನು ಇಣುಕಿದಾಗ ದೊಡ್ಡಕ್ಕ ಒಬ್ಬರೇ ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆಯ ಮೇಲೆ ಅದೇ ಪೆಟ್ಟಿಗೆ. ‘ಚಿಕ್ಕಕ್ಕನವರ ಒಪ್ಪಿಗೆ ಇನ್ನೂ ಬಂದಿಲ್ಲ. ದಯವಿಟ್ಟು ಕಾಯಿರಿ.’

ನನಗೆ ಗುಟ್ಟು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಇಷ್ಟು ದಿನ ನಿಂತದ್ದೇ ಹೆಚ್ಚು.

‘ದೊಡ್ಡಕ್ಕ,’ ಎಂದೆ, ‘ಭಾವನಿಗೆ ಹೇಳ್ಬೇಡಿ. ಅದಕ್ಕೆ ಚಿಕ್ಕಕ್ಕನ ಬೆರಳೇ ಆಗ್ಬೇಕು ಅಂತೇನಿಲ್ಲ. ಯಾರ ಬೆರಳಾದ್ರೂ ನಡೆಯುತ್ತೆ. ನೀವೇ ಎರಡು ಕೈಯಲ್ಲಿ ಒತ್ತಿದ್ರೂ ಮುಚ್ಚುತ್ತೆ.’

‘ಗೊತ್ತು ಅಣ್ಣ,’ ಎಂದರು ದೊಡ್ಡಕ್ಕ. ‘ಆವತ್ತೇ ಗೊತ್ತಿತ್ತು. ಯಾರ ಬೆರಳು ಅಂತ ಕೀಗೇನು ಗೊತ್ತಾಗುತ್ತೆ?’

‘ಮತ್ತೆ ಮುಚ್ಚಿಬಿಡಿ. ಹೊತ್ತಾಯ್ತು.’

ದೊಡ್ಡಕ್ಕ ಎದ್ದು ದೀಪ ಆರಿಸಿದರು. ತಂಗಿಯ ಮನೆಗೆ ಹೋಗಲು ಬಿಸಿನೀರಿನ ಫ್ಲಾಸ್ಕು ಕೈಗೆ ತೆಗೆದುಕೊಂಡರು. ಕತ್ತಲಲ್ಲಿ ಪರದೆಯೊಂದೇ ಬೆಳಗುತ್ತಿತ್ತು.

‘ಬೇಡ,’ ಎಂದರು. ‘ಅವಳು ಬರೋವರೆಗೂ ತೆಗೆದೇ ಇರ್ಲಿ.’